ಸೆಂಟರ್ ಸ್ಪೀಕರ್ ಯಾವುದು ತರುವುದು, ಎಲ್ಲಿ ಇಡುವುದು?

"ಅವ ಈಗ ಎಂತ ಹೇಳಿದ್ದು?"

ಮಂಗಳೂರು ಬಿಜೈಯ ನಮ್ಮ ಮನೆಯಲ್ಲಿ ಸಿನಿಮಾ ಹಾಕಿದರೆ ಅಮ್ಮ ಪದೇ ಪದೇ ಕೇಳುತ್ತಿದ್ದ ಪ್ರಶ್ನೆ ಇದು. ನನಗೆ ಸರಿಯಾಗಿಯೇ ಕೇಳಿಸುತ್ತಿತ್ತು. ಅಮ್ಮನ ಕಿವಿ ಮಂದವಾಗುತ್ತಾ ಬಂತು ಅಂತ ನನ್ನಷ್ಟಕ್ಕೇ ತೀರ್ಮಾನ ಮಾಡಿಬಿಟ್ಟಿದ್ದೆ. ಒಂದು ದಿನ ನೆಂಟರು ಬಂದು ಸೋಫಾ ತುಂಬಿತು. ನಾನು ಅಮ್ಮನ ಬೆತ್ತದ ಕುರ್ಚಿಯಲ್ಲಿ ಕೂತೆ. ಹತ್ತು ನಿಮಿಷ ಆಗಿರಬೇಕು, ಪಕ್ಕದಲ್ಲಿದ್ದ ಭಾವನನ್ನು ನಾನೇ ಕೇಳಿದೆ: "ಅವ ಈಗ ಎಂತ ಹೇಳಿದ್ದು?"

ಅಮ್ಮನ ಕಿವಿ ಗಟ್ಟಿಯೇ ಇತ್ತು. ತೊಂದರೆ ಇದ್ದದ್ದು ಆ ಕುರ್ಚಿಯ ಜಾಗಕ್ಕೂ ಟಿವಿ ಕೆಳಗೆ ಅಡ್ಡ ಮಲಗಿದ್ದ, ಹೋಮ್ ಥಿಯೇಟರಿನಲ್ಲಿ ಮಾತು ಹೊರಡಿಸುವ ಸೆಂಟರ್ ಸ್ಪೀಕರಿಗೂ ನಡುವೆ.

ಆ ಸ್ಪೀಕರ್ ತಂದದ್ದು ನಾನೇ. "ಇದು ದೊಡ್ಡದುಂಟು, ವಾಟ್ಸೂ ಜಾಸ್ತಿ" ಅಂದರು ಅಂಗಡಿಯವರು. ನಾನೂ ಉದ್ದ ನೋಡಿ, ಹೊಳಪು ನೋಡಿ ತಲೆ ಆಡಿಸಿದೆ. ಮನೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಅಂತ ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಈಗ ಯಾರಾದರೂ ನನ್ನ ಹತ್ತಿರ ಸೆಂಟರ್ ಸ್ಪೀಕರ್ ವಿಷಯ ಎತ್ತಿದರೆ ಬ್ರ್ಯಾಂಡ್ ಮಾತು ಆಮೇಲೆ. ಮೊದಲು ಎರಡು ಪ್ರಶ್ನೆ. ಜನ ಎಷ್ಟು ಅಗಲಕ್ಕೆ ಹರಡಿ ಕೂರುತ್ತಾರೆ? ಟಿವಿ ಕೆಳಗೋ ಮೇಲೋ ಪೆಟ್ಟಿಗೆ ಇಡಲು ಎಷ್ಟು ಎತ್ತರದ ಜಾಗ ಉಂಟು?

ಆ ಪೆಟ್ಟಿಗೆಯ ಕೆಲಸ

ಹೋಮ್ ಥಿಯೇಟರಿನಲ್ಲಿ 5.1 ಅಂದರೆ ಎದುರಿಗೆ ಮೂರು ಸ್ಪೀಕರ್, ಪಕ್ಕದಲ್ಲೋ ಹಿಂದೆಯೋ ಎರಡು, ಮತ್ತೆ ಮಂದ್ರಕ್ಕೆ ಒಂದು ಸಬ್‌ವೂಫರ್. ಸಿನಿಮಾದ ಮಾತು ಹೆಚ್ಚುಕಡಿಮೆ ಪೂರ್ತಿ ಎದುರಿನ ನಡು ಸ್ಪೀಕರಿನಿಂದಲೇ ಬರುತ್ತದೆ. ಯಕ್ಷಗಾನ ನೋಡುವವರಿಗೆ ಬೇಗ ಅರ್ಥವಾಗುತ್ತದೆ. ಭಾಗವತರ ಮೈಕ್ ಕೈಕೊಟ್ಟರೆ ಚೆಂಡೆ ಎಷ್ಟು ಜೋರಾಗಿದ್ದರೇನು? ಆಟ ಮುಂದೆ ಹೋಗುವುದಿಲ್ಲ.

ಗಂಡಸರ ಸ್ವರದ ಬುಡ 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಕಂಪನದ ಆಸುಪಾಸಿನಲ್ಲಿ, ಹೆಂಗಸರದು 200ರ ಆಸುಪಾಸಿನಲ್ಲಿ ಇರುತ್ತದೆ. ಆದರೆ ಪದ ಯಾವುದು ಅಂತ ಗೊತ್ತಾಗುವುದು ಅದಕ್ಕಿಂತ ತುಂಬ ಮೇಲೆ, 1000ದಿಂದ 4000 ಹರ್ಟ್ಸ್ ನಡುವೆ. ಸ, ಶ, ಚ ಅಂಥವು ಇನ್ನೂ ಮೇಲಕ್ಕೆ ಹೋಗುತ್ತವೆ. ಹತ್ತಿ ಅಂದದ್ದೋ ಹಟ್ಟಿ ಅಂದದ್ದೋ ಎಂಬುದು ಅಲ್ಲೇ ತೀರ್ಮಾನ. ಆ ಭಾಗದಲ್ಲಿ ಸ್ಪೀಕರ್ ತಗ್ಗಿದರೆ ಯಾರೋ ಮಾತಾಡುತ್ತಿದ್ದಾರೆ ಅಂತ ಕೇಳಿಸುತ್ತದೆ, ಏನು ಅಂತ ತಿಳಿಯುವುದಿಲ್ಲ. ವಾಲ್ಯೂಮ್ ಏರಿಸಿದರೆ ಬಾಂಬ್ ಸಿಡಿಯುವುದೂ ಏರುತ್ತದೆ, ಪಕ್ಕದ ಮನೆಯವರ ಸಿಟ್ಟೂ ಏರುತ್ತದೆ.

ಅಡ್ಡ ಪೆಟ್ಟಿಗೆ: ಎಲ್ಲರೂ ತರುವುದು ಇದನ್ನೇ

ಕೆಳಗಿನ ಸ್ವರ ಹೊರಡಿಸುವ ವೂಫರ್ ಎರಡು, ಎರಡು ಬದಿಗೆ. ನಡುವೆ ತೆಳು ಸ್ವರದ ಟ್ವೀಟರ್ ಒಂದು. ಕಡಿಮೆ ಮತ್ತು ಮಧ್ಯಮ ಬೆಲೆಯ ಸೆಂಟರುಗಳಲ್ಲಿ ಹೆಚ್ಚಿನವು ಈ ಆಕಾರದವು. ಸೋನಿಯ ಎಸ್‌ಎಸ್-ಸಿಎಸ್8 ನೋಡಿದ್ದರೆ ಕಣ್ಣ ಮುಂದೆ ಬರುತ್ತದೆ. ಹೀಗೆ ಮಾಡುವುದಕ್ಕೆ ದೊಡ್ಡ ಕಾರಣ ಜಾಗ. ಟಿವಿ ಕೆಳಗೆ ಎತ್ತರ ಇರುವುದಿಲ್ಲ, ಅಗಲ ಬೇಕಾದಷ್ಟು ಇರುತ್ತದೆ.

ತೊಂದರೆ ಎಲ್ಲಿ ಅಂದರೆ, ಎರಡೂ ವೂಫರುಗಳು ಒಂದೇ ಸ್ವರ ಹೊರಡಿಸುತ್ತವೆ. ಎದುರು ನಡುವೆ ಕೂತವರಿಗೆ ಎರಡರ ಸ್ವರವೂ ಒಟ್ಟಿಗೆ ಮುಟ್ಟುತ್ತದೆ. ಬದಿಯಲ್ಲಿ ಕೂತವರಿಗೆ ಒಂದು ವೂಫರ್ ಹತ್ತಿರ, ಇನ್ನೊಂದು ದೂರ. ದೂರದ್ದು ಅರ್ಧ ಅಲೆಯಷ್ಟು ತಡವಾಗಿ ಬಂದರೆ ಒಂದು ಮೇಲೆ ಹೋಗುವಾಗ ಇನ್ನೊಂದು ಕೆಳಗೆ ಹೋಗುತ್ತದೆ, ಎರಡೂ ಸೇರಿ ಸೊನ್ನೆ. ಆ ಸ್ವರ ಮಾತ್ರ ಮಾಯ.

ಆ ದಿನ ನೆಂಟರು ಹೋದ ಮೇಲೆ ಟೇಪ್ ಹಿಡಿದು ಅಳೆದೆ. ನನ್ನ ಸ್ಪೀಕರಿನ ಎರಡು ವೂಫರುಗಳ ನಡು ಬಿಂದುಗಳಿಗೆ 30 ಸೆಂಟಿಮೀಟರ್ ಅಂತರ. ಸೋಫಾ 3 ಮೀಟರ್ ದೂರದಲ್ಲಿ. ಅದರ ತುದಿಯ ಸೀಟು ನಡುವಿನಿಂದ 70 ಸೆಂಟಿಮೀಟರ್ ಪಕ್ಕಕ್ಕೆ, ಅಂದರೆ ಸುಮಾರು 13 ಡಿಗ್ರಿ ಓರೆ. ಅಲ್ಲಿ ಮಾಯವಾಗುವುದು 2500 ಹರ್ಟ್ಸ್ ಹತ್ತಿರ. ಅಷ್ಟರಲ್ಲಿ ವೂಫರಿನ ಕೆಲಸ ಟ್ವೀಟರಿಗೆ ದಾಟಿರುತ್ತದೆ, ಹಾಗಾಗಿ ಹೆಚ್ಚು ಗೊತ್ತಾಗುವುದಿಲ್ಲ. ಅಮ್ಮನ ಕುರ್ಚಿ ಟಿವಿ ಗೋಡೆಯಿಂದ 2.2 ಮೀಟರ್ ಮುಂದೆ, 1.7 ಮೀಟರ್ ಪಕ್ಕಕ್ಕೆ. ಅಂದರೆ 38 ಡಿಗ್ರಿ ಓರೆ. ಅಲ್ಲಿ ಗುಂಡಿ ಬೀಳುವುದು 900 ಹರ್ಟ್ಸ್ ಚಿಲ್ಲರೆಯಲ್ಲಿ, ಅದರ ಆಚೀಚೆಯೂ ಸಾಕಷ್ಟು ಅಗಲಕ್ಕೆ. ಮಾತಿನ ಹೊಟ್ಟೆಯೇ ಅಲ್ಲಿರುವುದು. ಪಾಪ, ಅಮ್ಮ ಅಷ್ಟು ದಿನ ಅರ್ಧ ಸಿನಿಮಾ ಕೇಳಿಸಿಕೊಂಡಿದ್ದಳು.

ಹಾಗಂತ ಅಡ್ಡ ಪೆಟ್ಟಿಗೆ ಬೇಡವೇ ಬೇಡ ಅನ್ನುವುದಿಲ್ಲ. ಮೂರೇ ಜನ, ಒಂದೇ ಸೋಫಾ, ಎಲ್ಲರೂ ಎದುರಿಗೆ ಅಂತಾದರೆ ಆರಾಮಾಗಿ ತನ್ನಿ. ಬೆಲೆಗೆ ಒಳ್ಳೆಯ ಮಾಲು. ಆದರೆ ನಮ್ಮ ಕಡೆ ಚಾವಡಿಯಲ್ಲಿ ಹಾಗೆ ಕೂರುವುದು ಎಲ್ಲಿ? ಸೋಫಾದಲ್ಲಿ ಮೂವರು, ಬೆತ್ತದ ಕುರ್ಚಿಯಲ್ಲಿ ಒಬ್ಬರು, ಕಂಬಕ್ಕೆ ಒರಗಿ ಇನ್ನೊಬ್ಬರು, ಚಾಪೆ ಹಾಕಿ ಮಕ್ಕಳು. ಹೀಗೆ ಹರಡಿ ಕೂರುವ ಮನೆಗೆ ಈ ಆಕಾರ ಹೊಂದುವುದಿಲ್ಲ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಪೆನ್‌ಡ್ರೈವಿನಲ್ಲಿ ಒಂದು ತಾಳಮದ್ದಲೆ ರೆಕಾರ್ಡಿಂಗ್ ಹಾಕಿಕೊಂಡು ಹೋಗಿ. ಕುಣಿತ ಇಲ್ಲ, ಗೆಜ್ಜೆ ಇಲ್ಲ, ಮಾತೇ ಮಾತು. ಅರ್ಥಧಾರಿಗಳ ಸ್ವರ ನಿಮಗೆ ಗುರುತು ಇರುತ್ತದೆ, ಹಾಗಾಗಿ ಸ್ಪೀಕರ್ ಮೋಸ ಮಾಡಿದರೆ ತಕ್ಷಣ ತಿಳಿಯುತ್ತದೆ. ಹಳೆಯ ರೆಕಾರ್ಡಿಂಗ್‌ಗಳು ಹೆಚ್ಚಾಗಿ ಮೋನೊ, ಅಂದರೆ ಎಡ ಬಲ ಎರಡಕ್ಕೂ ಒಂದೇ ಸ್ವರ. ಸ್ಪೀಕರುಗಳಿಗೆ ಸ್ವರ ಹಂಚುವ ಪೆಟ್ಟಿಗೆಯಾದ ರಿಸೀವರನ್ನು ಡಾಲ್ಬಿ ಸರೌಂಡ್ ಮೋಡಿಗೆ ಹಾಕಿದರೆ ಎರಡೂ ಕಡೆ ಒಂದೇ ಆಗಿರುವ ಸ್ವರವನ್ನು ಅದು ನಡು ಸ್ಪೀಕರಿಗೆ ಕಳಿಸುತ್ತದೆ. ಉಳಿದ ಸ್ಪೀಕರುಗಳ ವಯರ್ ತೆಗೆಸಿಬಿಟ್ಟರೆ ಇನ್ನೂ ಒಳ್ಳೆಯದು. ಈಗ ಸ್ಪೀಕರಿನ ಎದುರು ನಿಂತು ಏಡಿಯ ಹಾಗೆ ಅಡ್ಡಡ್ಡ ನಡೆಯಿರಿ. ಒಂದೊಂದೇ ಹೆಜ್ಜೆ. ಬೇಕಿದ್ದರೆ ಕಣ್ಣು ಮುಚ್ಚಿಕೊಳ್ಳಿ. ಮೂರನೇ ಹೆಜ್ಜೆಗೆ ಸ್ವರ ಡಬ್ಬದೊಳಗೆ ಹೋದ ಹಾಗಾಯಿತು, ಐದನೇ ಹೆಜ್ಜೆಗೆ ಮತ್ತೆ ಹೊರಗೆ ಬಂತು ಅಂತಾದರೆ ಅದೇ ಆ ಗುಂಡಿ. ಅಂಗಡಿ ಹುಡುಗರು ನಗುತ್ತಾರೆ. ನಗಲಿ. ದುಡ್ಡು ಕೊಡುವವರು ನಾವಲ್ವಾ?

ಮೂರು ದಾರಿಯದ್ದು, ಒಂದರೊಳಗೆ ಒಂದು ಇರುವುದು

ಈ ಗುಂಡಿ ತಪ್ಪಿಸಲು ಕಂಪನಿಗಳು ಎರಡು ಉಪಾಯ ಮಾಡಿವೆ.

ಒಂದು ತ್ರೀ-ವೇ. ಇಲ್ಲೂ ಎರಡು ವೂಫರ್ ಎರಡು ಬದಿಗೆ ಇರುತ್ತವೆ. ಆದರೆ ನಡುವೆ ನಡು ಮಟ್ಟದ ಸ್ವರಕ್ಕೆಂದೇ ಒಂದು ಸಣ್ಣ ಮಿಡ್‌ರೇಂಜ್, ಅದರ ತಲೆಯ ಮೇಲೆ ಟ್ವೀಟರ್. ವೂಫರುಗಳು ಕೆಲವು ನೂರು ಹರ್ಟ್ಸ್ ತನಕ ಮಾತ್ರ ದುಡಿಯುತ್ತವೆ. 400 ಹರ್ಟ್ಸ್ ಸ್ವರದ ಅಲೆ ಸುಮಾರು 86 ಸೆಂಟಿಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ವೂಫರುಗಳ ನಡುವಿನ ಒಂದಡಿ ಅಂತರ ಲೆಕ್ಕಕ್ಕೇ ಇಲ್ಲ. ಮಾತಿನ ಮುಖ್ಯ ಭಾಗ ನಡುವಿನ ಒಂದೇ ಕಂಬದಿಂದ ಬರುವುದರಿಂದ ಬದಿಯಲ್ಲಿ ಕೂತವರಿಗೂ ಹೆಚ್ಚುಕಡಿಮೆ ಅದೇ ಸ್ವರ. ತೊಂದರೆ ಗಾತ್ರದ್ದು. ಮಿಡ್ ಮೇಲೆ ಟ್ವೀಟರ್ ಕೂರಿಸಬೇಕಾದ್ದರಿಂದ ಪೆಟ್ಟಿಗೆ ಎತ್ತರವಾಗುತ್ತದೆ, ಭಾರವೂ ಆಗುತ್ತದೆ. ರೆಡಿಮೇಡ್ ಟಿವಿ ಯೂನಿಟ್ಟಿನ ಖಾನೆಗೆ ಹೋಗದೆ ಇರಬಹುದು. ಅಳೆಯದೆ ತರಬೇಡಿ. ಸ್ಪೀಕರಿನ ಮುಖ ನೋಡಿ ಮೋಸ ಹೋಗಲೂಬೇಡಿ, ವಿವರದ ಚೀಟಿಯಲ್ಲಿ ತ್ರೀ-ವೇ ಅಂತ ಇರಬೇಕು. ಎರಡೂವರೆ ವೇ ಅಂತ ಬರೆದಿರುವುದು ನಡುವಿನ ದಾರಿ. ಅದರಲ್ಲಿ ಒಂದು ವೂಫರ್ ಬೇಗ ಸುಮ್ಮನಾಗುತ್ತದೆ, ಹಾಗಾಗಿ ಗುಂಡಿ ಅಷ್ಟು ಆಳ ಇರುವುದಿಲ್ಲ.

ಇನ್ನೊಂದು ಉಪಾಯ ಕೋಆಕ್ಸಿಯಲ್. ಟ್ವೀಟರನ್ನು ತೆಗೆದು ಇನ್ನೊಂದು ಡ್ರೈವರಿನ, ಅಂದರೆ ವೂಫರಿನಂಥ ಸ್ವರ ಹೊರಡಿಸುವ ಭಾಗದ, ಹೊಟ್ಟೆಯೊಳಗೇ ಕೂರಿಸುವುದು. ಕೆಇಎಫ್ ಕಂಪನಿ 1988ರಿಂದ ಯೂನಿ-ಕ್ಯೂ ಅನ್ನುವ ಹೆಸರಿನಲ್ಲಿ ಇದನ್ನು ಮಾಡುತ್ತಾ ಬಂದಿದೆ. ಎಲಾಕ್‌ನ ಯೂನಿ-ಫೈ ಸರಣಿಯೂ ಇದೇ ಜಾತಿ. ಸ್ವರ ಒಂದೇ ಬಿಂದುವಿನಿಂದ ಹೊರಡುವುದರಿಂದ ಪೆಟ್ಟಿಗೆಯನ್ನು ನಿಲ್ಲಿಸಿದರೂ ಸರಿ, ಮಲಗಿಸಿದರೂ ಸರಿ. ಅಮ್ಮನ ಕುರ್ಚಿಗಾಗಿ ನಾನು ಕೊನೆಗೆ ತಂದದ್ದು ಈ ಬಗೆಯದ್ದು. ಎತ್ತರ ಕಡಿಮೆ ಇದ್ದು, ಕೂರುವವರು ಹರಡಿದ್ದರೆ ನನ್ನ ಮೊದಲ ಆಯ್ಕೆ ಇದೇ. ಬೆಲೆ ಸ್ವಲ್ಪ ಜಾಸ್ತಿಯೇ.

ಮಾಮೂಲಿ ಬುಕ್‌ಶೆಲ್ಫ್ ಸ್ಪೀಕರ್ ಒಂದನ್ನು ನಿಲ್ಲಿಸಿದರೆ?

ಎತ್ತರದ ಜಾಗ ಇದ್ದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಎಡ, ಬಲಕ್ಕೆ ಇರುವ ಸ್ಪೀಕರಿನದೇ ಇನ್ನೊಂದು ತುಂಡನ್ನು ನಡುವೆ ನೆಟ್ಟಗೆ ನಿಲ್ಲಿಸುವುದು. ಮೂರೂ ಅಣ್ಣತಮ್ಮಂದಿರು, ಸ್ವರದಲ್ಲಿ ಕೂದಲೆಳೆಯ ವ್ಯತ್ಯಾಸ ಇಲ್ಲ. ಪ್ರೊಜೆಕ್ಟರ್ ಇರುವ ಮನೆಯಲ್ಲಿ ಪರದೆಯ ಕೆಳಗೆ ಹೇಗೂ ಜಾಗ ಇರುತ್ತದೆ. ಟಿವಿ ಆದರೆ ಕೆಳಗೆ ಒಂದಡಿಗಿಂತ ಜಾಸ್ತಿ ಖಾಲಿ ಬೇಕು.

ಒಂದು ಕಿರಿಕಿರಿ: ಬುಕ್‌ಶೆಲ್ಫ್ ಹೆಚ್ಚಾಗಿ ಜೋಡಿಯಾಗಿಯೇ ಮಾರುತ್ತಾರೆ. ಒಂದೇ ಕೊಡಿ ಅಂದರೆ ಮುಖ ನೋಡುತ್ತಾರೆ. ಎರಡು ಜೋಡಿ ತಂದು ಉಳಿದ ಒಂದನ್ನು ಅಟ್ಟಕ್ಕೆ ಹಾಕಿದರೂ ಕೆಲವೊಮ್ಮೆ ಒಳ್ಳೆಯ ತ್ರೀ-ವೇ ಸೆಂಟರಿಗಿಂತ ಕಡಿಮೆಗೇ ಮುಗಿಯುತ್ತದೆ, ಲೆಕ್ಕ ಹಾಕಿ ನೋಡಿ. ಎತ್ತರ ಸಾಲದು ಅಂತ ಅದನ್ನು ಅಡ್ಡ ಮಲಗಿಸಬೇಡಿ. ವೂಫರ್ ಮತ್ತು ಟ್ವೀಟರ್ ಅಕ್ಕಪಕ್ಕ ಬಂದುಬಿಡುತ್ತವೆ, ಅಡ್ಡ ಪೆಟ್ಟಿಗೆಯ ರೋಗ ಇದಕ್ಕೂ ಅಂಟುತ್ತದೆ.

ಸೆಂಟರೇ ಇಲ್ಲದೆ

ಭಾವ ಮಣಿಪಾಲದ ಬಾಡಿಗೆ ಫ್ಲ್ಯಾಟಿನಲ್ಲಿ ಇರುವುದು ಒಬ್ಬರೇ. ಅವರಿಗೆ ನಾನು ಸೆಂಟರ್ ಬೇಡ ಅಂದೆ. ಒಳ್ಳೆಯ ಎರಡು ಸ್ಪೀಕರ್ ಇಟ್ಟು, ರಿಸೀವರಿನಲ್ಲಿ ಸೆಂಟರ್ ಇಲ್ಲ ಅಂತ ಸೆಟ್ ಮಾಡಿದರೆ ಮಾತು ಕಳೆದುಹೋಗುವುದಿಲ್ಲ, ಎಡ ಬಲಕ್ಕೆ ಸಮನಾಗಿ ಹಂಚಿಹೋಗುತ್ತದೆ. ಸರಿ ನಡುವೆ ಕೂತರೆ ಸ್ವರ ಟಿವಿಯ ಬಾಯಿಯಿಂದಲೇ ಬಂದ ಹಾಗೆ ಕೇಳಿಸುತ್ತದೆ.

ಆ ನಡು ಜಾಗ ಬಿಟ್ಟು ಎದ್ದರೆ ಮಾತ್ರ ಆಟ ಮುಗಿಯಿತು. ಸ್ವರ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಓಡುತ್ತದೆ. ಒಂದು ಸ್ಪೀಕರ್ ಅಷ್ಟು ಹತ್ತಿರವಾದರೆ ಸಾಕು, ಮಾತೆಲ್ಲ ಆ ಸ್ಪೀಕರಿನಿಂದಲೇ ಬಂದ ಹಾಗೆ ಕಿವಿಗೆ ಅನಿಸುತ್ತದೆ. ಸರಿ ನಡುವೆ ಕೂತಾಗಲೂ ಒಂದು ಸಣ್ಣ ಕೊರತೆ ಉಂಟು. ಎರಡು ಸ್ಪೀಕರಿನ ಸ್ವರ ಎರಡೂ ಕಿವಿಗೆ ಬೇರೆ ಬೇರೆ ಹೊತ್ತಿಗೆ ಮುಟ್ಟುವುದರಿಂದ 2000 ಹರ್ಟ್ಸ್ ಆಸುಪಾಸಿನಲ್ಲಿ ಒಂದು ತಗ್ಗು ಬರುತ್ತದೆ. ಭಾವನಿಗೆ ಅದು ಗೊತ್ತಾಗಿಲ್ಲ, ನಾನೂ ಹೇಳಿಲ್ಲ. ಒಬ್ಬರಿಗೆ ಇದೇ ಸಾಕು. ಇಬ್ಬರಾದರೆ ಸೆಂಟರ್ ಬೇಕು. ಅವರಿಗೆ ಮದುವೆಯಾಗಲಿ, ಆಮೇಲೆ ನೋಡುವ.

ಸೌಂಡ್‌ಬಾರ್ ವಿಷಯ ಒಂದೇ ಮಾತಿನಲ್ಲಿ: 2.1 ಅಂತ ಇದ್ದರೆ ನಡು ಚಾನೆಲ್ ಇಲ್ಲ, 3.1 ಅಂತ ಇದ್ದರೆ ಉಂಟು. ಮಾತಿಗಾಗಿಯೇ ತರುವುದಾದರೆ 3ರಿಂದ ಶುರುವಾಗುವುದನ್ನು ಅಥವಾ ಅದಕ್ಕಿಂತ ಮೇಲಿನದನ್ನು ನೋಡಿ. ಚಪ್ಪಟೆ ಗೋಡೆ ಸ್ಪೀಕರುಗಳಲ್ಲಿ ನಾಲ್ಕಾರು ಸಣ್ಣ ಡ್ರೈವರುಗಳನ್ನು ಸಾಲಾಗಿ ಕೂರಿಸಿರುತ್ತಾರೆ. ಜಾಗವೇ ಇಲ್ಲದವರಿಗೆ ಅದು. ಏಡಿ ನಡಿಗೆ ಅಲ್ಲೂ ಬಿಡಬೇಡಿ.

ಯಾವುದೇ ತಂದರೂ ಎಡ ಬಲದ ಸ್ಪೀಕರುಗಳ ಸರಣಿಯದೇ ಸೆಂಟರ್ ಇದ್ದರೆ ಒಳ್ಳೆಯದು. ಪರದೆಯ ಮೇಲೆ ಬಸ್ಸು ಎಡದಿಂದ ಬಲಕ್ಕೆ ಹೋಗುವಾಗ ನಡುವೆ ಅದರ ಇಂಜಿನ್ ಬದಲಾದ ಹಾಗೆ ಕೇಳಬಾರದು. ಆ ಸರಣಿ ಈಗ ಬರುವುದಿಲ್ಲ ಅಂದರೆ ಅದೇ ಕಂಪನಿಯ, ಅದೇ ಬಗೆಯ ಟ್ವೀಟರ್ ಇರುವುದನ್ನು ಹುಡುಕಿ.

ವಾಟ್ಸ್ ಬಗ್ಗೆ ಅಂಗಡಿಯವರು ಏನು ಹೇಳಿದರೂ ತಲೆಗೆ ಹಾಕಿಕೊಳ್ಳಬೇಡಿ. ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಅಷ್ಟೇ ಪವರಿಗೆ ಸ್ಪೀಕರ್ ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವ ಲೆಕ್ಕ. 87 ಡೆಸಿಬೆಲಿನ ಸ್ಪೀಕರ್ 90 ಡೆಸಿಬೆಲಿನದ್ದರಷ್ಟು ಜೋರಾಗಿ ಮಾತಾಡಲು ಎರಡು ಪಟ್ಟು ಪವರ್ ಕೇಳುತ್ತದೆ. ಹಾಗೆಯೇ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ 4 ಓಮ್ಸ್ ಅಂತ ಇದ್ದರೆ ನಿಮ್ಮ ರಿಸೀವರ್ ಅದಕ್ಕೆ ಒಪ್ಪುತ್ತದೆಯೋ ಅಂತ ಹಿಂಬದಿಯ ಬರಹ ಓದಿ. ಹಳೆಯ ಡಬ್ಬಿ ಹೋಮ್ ಥಿಯೇಟರಿನ ಪುಟ್ಟ ಪ್ಲಾಸ್ಟಿಕ್ ಸೆಂಟರುಗಳಲ್ಲಿ ತುಂಬ 3 ಓಮ್ಸಿನವು. ಅದನ್ನು ಹೊಸ ರಿಸೀವರಿಗೆ ಸಿಕ್ಕಿಸುವ ಉಳಿತಾಯ ಬೇಡ.

ಇಡುವುದರಲ್ಲೇ ಅರ್ಧ ಕೆಲಸ

ಮೊದಲು ನನ್ನ ಸೆಂಟರ್ ಇದ್ದದ್ದು ಶೋಕೇಸಿನ ಕೆಳಗಿನ ಖಾನೆಯಲ್ಲಿ, ಒಂದು ಗೇಣು ಒಳಗೆ. ಎದುರಿಗೆ ಗಾಜಿನ ಬಾಗಿಲು ಬೇರೆ. ಬಾಗಿಲು ತೆರೆದಿಟ್ಟರೂ ವಾರ್ತೆ ಓದುವವರ ಸ್ವರ ಕೊಡಪಾನದೊಳಗೆ ಬಾಯಿಟ್ಟು ಮಾತಾಡಿದ ಹಾಗೆ. ಖಾನೆಯೇ ಇನ್ನೊಂದು ಪೆಟ್ಟಿಗೆಯಾಗಿ ಗುಂಯ್ ಅನ್ನುತ್ತಿತ್ತು. ಸ್ಪೀಕರನ್ನು ಮುಂದೆ ಎಳೆದು, ಅದರ ಮುಖ ಹಲಗೆಯ ಅಂಚಿನಿಂದ ಒಂದು ಬೆರಳು ಹೊರಗೆ ಬರುವ ಹಾಗೆ ಇಟ್ಟೆ. ಖಾನೆಯಲ್ಲಿ ಉಳಿದ ಖಾಲಿ ಜಾಗಕ್ಕೆ ಹಳೆಯ ಹತ್ತಿ ದಿಂಬು ತುರುಕಿದೆ. ಹಿಂದೆ ಪೋರ್ಟ್ ತೂತು ಇರುವ ಸ್ಪೀಕರಾದರೆ ಅದಕ್ಕೆ ಉಸಿರಾಡಲು ಜಾಗ ಬಿಡಬೇಕು. ಎರಡು ನಿಮಿಷದ ಕೆಲಸ, ಕೊಡಪಾನ ಮಾಯ.

ಆಮೇಲೆ ಓರೆ. ಕೂತಾಗ ಕಿವಿ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ ಇರುತ್ತದೆ. ಖಾನೆಯ ಸ್ಪೀಕರ್ ಅದರ ಅರ್ಧದಲ್ಲಿ. ಹಾಗೇ ಬಿಟ್ಟರೆ ಅದು ನಿಮ್ಮ ಮೊಣಕಾಲಿನ ಜೊತೆ ಮಾತಾಡುತ್ತದೆ. ಬಾಗಿಲು ಗಾಳಿಗೆ ಬಡಿಯದ ಹಾಗೆ ಕೆಳಗೆ ಇಡುವ ರಬ್ಬರ್ ತುಂಡು ಸಿಗುತ್ತದಲ್ವಾ, ಹಾರ್ಡ್‌ವೇರ್ ಅಂಗಡಿಯಲ್ಲಿ? ಎರಡು ತಂದು ಮುಂಭಾಗದ ಕೆಳಗೆ ಒತ್ತಿ. ಮುಖ ಮೇಲಕ್ಕೆತ್ತುತ್ತದೆ, ಹಲಗೆ ನಡುಗುವುದೂ ಕಡಿಮೆ. ಎಷ್ಟು ಓರೆ ಬೇಕು ಅಂತ ನೋಡಲು ಮೊಬೈಲಿನ ಅಂಚನ್ನು ಸ್ಪೀಕರಿನ ತಲೆಯ ಮೇಲೆ ನೆಟ್ಟಗೆ ಊರಿ, ಬೆನ್ನಿನ ಟಾರ್ಚಿನ ಬೆಳಕು ಮುಂದಕ್ಕೆ ಬೀಳುವ ಹಾಗೆ ಹಿಡಿಯಿರಿ. ಬೆಳಕಿನ ನಡು ಸೋಫಾದಲ್ಲಿ ಕೂತವರ ಮುಖಕ್ಕೆ ಬಿದ್ದರೆ ಸರಿಯಾಯಿತು. ಟಿವಿ ಮೇಲೆ ಇಡುವವರು ಇದನ್ನೇ ತಿರುಗಾ ಮುರುಗಾ ಮಾಡಿ, ಹಿಂಭಾಗ ಎತ್ತಿ ಮುಖ ಕೆಳಗೆ ಮಾಡಿ.

ವಯರ್ ಸಿಕ್ಕಿಸುವಾಗ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ತಿರುಗಿ ಹೋದರೆ ಸ್ಪೀಕರ್ ಸುಡುವುದಿಲ್ಲ, ಆದರೆ ಸ್ವರ ಟೊಳ್ಳಾಗುತ್ತದೆ, ಎಡ ಬಲದ ಜೊತೆ ಸೇರುವುದಿಲ್ಲ. ಅನುಮಾನ ಬಂದರೆ ರಿಸೀವರ್ ಬದಿಯ ಎರಡೂ ತುದಿ ಬಿಚ್ಚಿ, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿ. ರಿಸೀವರಿನ ಕೆಂಪಿನಲ್ಲಿ ಇದ್ದ ತುದಿ ಸೆಲ್ಲಿನ ಪ್ಲಸ್ಸಿಗೆ, ಇನ್ನೊಂದು ಮೈನಸ್ಸಿಗೆ ತಾಗಿದಾಗ ವೂಫರ್ ಹೊರಗೆ ಬರಬೇಕು. ಒಳಗೆ ಹೋದರೆ ವಯರ್ ತಿರುಗಿದೆ. ಆರೇಳು ಮೀಟರ್ ತನಕ 16 ಗೇಜ್ ತಾಮ್ರದ ವಯರ್ ಸಾಕು, ಅದಕ್ಕಿಂತ ಉದ್ದಕ್ಕೆ 14.

ಇನ್ನು ರಿಸೀವರ್. ಸೆಂಟರನ್ನು ಸ್ಮಾಲ್ ಅಂತ ಹಾಕಿ, ಮಂದ್ರ ಸಬ್‌ವೂಫರಿಗೆ ದಾಟುವ ಗಡಿಯಾದ ಕ್ರಾಸ್‌ಓವರ್ 80 ಹರ್ಟ್ಸಿನಿಂದ ಶುರು ಮಾಡಿ. ಪೆಟ್ಟಿಗೆ ತೀರಾ ಸಣ್ಣದಾದರೆ 100 ಅಥವಾ 120. ಸ್ಮಾಲ್ ಅಂದರೆ ಮರ್ಯಾದೆ ಕಮ್ಮಿ ಅಂತಲ್ಲ, ಮಂದ್ರದ ಭಾರವನ್ನು ಸಬ್‌ವೂಫರಿಗೆ ದಾಟಿಸಿದ ಹಾಗೆ. ಕೋಣೆಯನ್ನು ಮೈಕಿನಿಂದ ಅಳೆದು ಸ್ಪೀಕರುಗಳನ್ನು ಹೊಂದಿಸುವ ಆಡಿಸ್ಸಿಯೋ ವೈಪಿಎಒವೋ, ನಿಮ್ಮ ರಿಸೀವರಿನಲ್ಲಿ ಯಾವುದು ಉಂಟೋ ಅದರ ಮೈಕನ್ನು ಸ್ಟ್ಯಾಂಡಿಗೆ ಕಟ್ಟಿ ಕಿವಿಯ ಎತ್ತರಕ್ಕೆ ಇಡಿ. ಸೋಫಾದ ಬೆನ್ನಿಗೆ ಒರಗಿಸಬೇಡಿ. ಫ್ಯಾನ್ ಆಫ್, ಕುಕ್ಕರ್ ಆಫ್, ಮಕ್ಕಳು ಹೊರಗೆ. ಒಂದು ಅಳತೆ ಬದಿಯ ಕುರ್ಚಿಯಲ್ಲೂ ಆಗಲಿ. ಮುಗಿದ ಮೇಲೆ ದೂರ ಸರಿಯಾಗಿ ಬಂದಿದೆಯೋ ಅಂತ ಟೇಪ್ ಹಿಡಿದು ನೋಡಿ. ಮಾತು ಇನ್ನೂ ಸಾಲದಿದ್ದರೆ ಸೆಂಟರಿನ ಮಟ್ಟವನ್ನು ಮಾತ್ರ 2 ಅಥವಾ 3 ಡೆಸಿಬೆಲ್ ಏರಿಸಿ. ಇದು ಮೋಸ ಏನಲ್ಲ. ನಾನೂ ಏರಿಸಿದ್ದೇನೆ. ಆದರೆ 6 ಏರಿಸಿದರೂ ಪದ ತಿಳಿಯದಿದ್ದರೆ ಖಾನೆಯನ್ನೋ ಓರೆಯನ್ನೋ ಇನ್ನೊಮ್ಮೆ ನೋಡಬೇಕು.

ಸುರತ್ಕಲ್‌ನಿಂದ ದೊಡ್ಡಮ್ಮನ ಮಗ ಒಮ್ಮೆ ಫೋನ್ ಮಾಡಿದ. "ಸೆಂಟರ್ ಸತ್ತಿದೆ ಮಾರಾಯ, ಒಂದು ಶಬ್ದ ಇಲ್ಲ." ಹೋಗಿ ನೋಡಿದರೆ ಸ್ಪೀಕರ್ ಹೊಚ್ಚ ಹೊಸದು, ವಯರೂ ಸರಿ. ರಿಸೀವರಿನ ಮುಖದಲ್ಲಿ ಸ್ಟೀರಿಯೊ ಅಂತ ಬರೆದಿತ್ತು. ಟಿವಿಯ ಸೌಂಡ್ ಸೆಟ್ಟಿಂಗಿನಲ್ಲಿ ಪಿಸಿಎಂ ಅಂತ ಇತ್ತು. ಟಿವಿಯ ಸ್ವರವನ್ನು ರಿಸೀವರಿಗೆ ತರುವ ಎಚ್‌ಡಿಎಂಐ ಎಆರ್‌ಸಿ ತಂತಿಯಲ್ಲಿ ಪಿಸಿಎಂ ಆದರೆ ಎರಡೇ ಚಾನೆಲ್ ಹೋಗುವುದು, ಒಟಿಟಿಯ 5.1 ಅಲ್ಲೇ ಉಳಿಯುತ್ತದೆ. ಅದನ್ನು ಬಿಟ್‌ಸ್ಟ್ರೀಮ್ ಮಾಡಿದೆ, ಕೆಲವು ಟಿವಿಗಳಲ್ಲಿ ಪಾಸ್‌ಥ್ರೂ ಅಥವಾ ಆಟೋ ಅಂತ ಇರುತ್ತದೆ. ರಿಸೀವರನ್ನು ಸ್ಟೀರಿಯೊದಿಂದ ಸರೌಂಡಿಗೆ ತಂದೆ. ಸತ್ತವ ಎದ್ದು ಕೂತ. ಅವನ ಮನೆಯ ಬಂಗುಡೆ ಪುಳಿಮುಂಚಿ ನನಗೆ ದಕ್ಕಿತು.

ನಮ್ಮೂರ ಮನೆ, ನಮ್ಮೂರ ಗಾಳಿ

ಕೋಣೆಯೂ ಮಾತಾಡುತ್ತದೆ. ರೆಡ್ ಆಕ್ಸೈಡ್ ನೆಲವೋ ವಿಟ್ರಿಫೈಡ್ ಟೈಲ್ಸೋ, ಎರಡೂ ಕನ್ನಡಿಯ ಹಾಗೆ ಸ್ವರವನ್ನು ವಾಪಸ್ ಎಸೆಯುತ್ತವೆ. ಸ್ಪೀಕರಿಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ ಒಂದು ಹಾಸಿದರೆ ಸ, ಶ ಸ್ವಲ್ಪ ತಣ್ಣಗಾಗುತ್ತದೆ. ಕಾರ್ಪೆಟ್ ಬೇಡ, ಆಷಾಢದಲ್ಲಿ ಬೂಷ್ಟು ಹಿಡಿದು ನಾರುತ್ತದೆ. ಕಿಟಕಿಗೆ ದಪ್ಪ ಪರದೆ ಇದ್ದರೆ ಒಳ್ಳೆಯದು.

ಬ್ರಹ್ಮಾವರದ ಹತ್ತಿರ ನಮ್ಮ ಮೂಲಮನೆ ಹಂಚಿನದ್ದು. ಅಲ್ಲಿ ಜುಲೈ ತಿಂಗಳಲ್ಲಿ ಯಾವ ಸೆಂಟರ್ ಸ್ಪೀಕರ್ ಬಂದರೂ ಮಳೆಯ ಎದುರು ಸೋಲುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದಾಗ ಹೋಮ್ ಥಿಯೇಟರಿನ ಯೋಚನೆ ಅವರಿಗೆ ಇರಲಿಲ್ಲ, ಬಿಡಿ. ಮಳೆ ಶಬ್ದದ ನಡುವೆ ಮೈಕ್ ಅಳತೆ ಮಾಡಿದರೆ ರಿಸೀವರ್ ತಪ್ಪು ಲೆಕ್ಕ ಹಾಕಬಹುದು, ಅಳತೆಯ ಕೆಲಸವನ್ನು ಚಳಿಗಾಲದ ರಾತ್ರಿಗೆ ಇಟ್ಟುಕೊಳ್ಳಿ. ಮಳೆಗಾಲಕ್ಕೆ ರಿಸೀವರಿನ ನೈಟ್ ಮೋಡ್ ಹಾಕಿ. ಅದು ಜೋರು ಶಬ್ದವನ್ನು ತಗ್ಗಿಸಿ ಮೆಲ್ಲನೆಯದನ್ನು ಎತ್ತುತ್ತದೆ. ಸಿನಿಮಾದ ಗಮ್ಮತ್ತು ಸ್ವಲ್ಪ ಹೋಗುತ್ತದೆ, ಮಾತು ಉಳಿಯುತ್ತದೆ. ಅದೂ ಸಾಲದ ದಿನ ಸಬ್‌ಟೈಟಲ್.

ಮಲ್ಪೆ, ಕಾಪು, ಉಳ್ಳಾಲ ಕಡೆ ಸಮುದ್ರ ಹತ್ತಿರದ ಮನೆಯವರು ವಯರಿನ ಬರಿ ತಾಮ್ರವನ್ನು ಟರ್ಮಿನಲಿಗೆ ಸುಮ್ನೆ ಸುತ್ತಿ ಬಿಡಬೇಡಿ. ಉಪ್ಪು ಗಾಳಿಗೆ ಹಸಿರು ಕಟ್ಟುತ್ತದೆ, ಆಮೇಲೆ ಸ್ವರ ಬಂದು ಹೋಗಿ ಮಾಡುತ್ತದೆ. ತುದಿಗೆ ಬನಾನಾ ಪ್ಲಗ್ ಅನ್ನುವ ಲೋಹದ ಪಿನ್ ಹಾಕಿಸಿ. ವರ್ಷಕ್ಕೊಮ್ಮೆ ಮಳೆಗೆ ಮೊದಲು ತುದಿಯ ಅರ್ಧ ಇಂಚು ಕತ್ತರಿಸಿ ಹೊಸದಾಗಿ ಕಟ್ಟಿ. ಕೊಳ್ಳುವಾಗಲೇ ವೂಫರಿನ ಸುತ್ತಲಿನ ಅಂಚು ರಬ್ಬರೋ ಫೋಮೋ ಅಂತ ಕೇಳಿ. ಫೋಮ್ ಆದರೆ ನಮ್ಮ ತೇವಕ್ಕೆ ಕೆಲವು ವರ್ಷಕ್ಕೆ ಪುಡಿಪುಡಿ. ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿ. ನೆಲ ಒರೆಸುವ ನೀರು ಎಂಡಿಎಫ್ ಹಲಗೆಗೆ ತಾಗಿದರೆ ಅದು ಇಡ್ಲಿಯ ಹಾಗೆ ಉಬ್ಬುತ್ತದೆ.

ಸಿಡಿಲಿನ ವಿಷಯ ತಮಾಷೆ ಅಲ್ಲ. ಏಪ್ರಿಲ್, ಮೇಯಲ್ಲಿ ಮತ್ತು ಅಕ್ಟೋಬರ್, ನವೆಂಬರಿನಲ್ಲಿ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ ಕಿತ್ತು ಇಡಬೇಕು. ರಿಸೀವರಿನದ್ದು, ಟಿವಿಯದ್ದು, ಸಬ್‌ವೂಫರಿನದ್ದು. ಜೊತೆಗೆ ಡಿಶ್ಶಿನ ಕೇಬಲ್, ಇಂಟರ್ನೆಟ್ಟಿನ ತಂತಿ. ನಮ್ಮ ಮನೆಯಲ್ಲಿ ಒಮ್ಮೆ ಪಿನ್ ಎಲ್ಲ ಕಿತ್ತಿದ್ದೆ, ಡಿಶ್ ಕೇಬಲ್ ಮರೆತಿದ್ದೆ. ಸಿಡಿಲು ಆ ದಾರಿಯಲ್ಲೇ ಬಂತು. ಸೆಟ್‌ಟಾಪ್ ಬಾಕ್ಸ್, ಅದರಿಂದ ಟಿವಿಯ ಒಂದು ಎಚ್‌ಡಿಎಂಐ, ಅಲ್ಲಿಂದ ರಿಸೀವರಿನ ಬೋರ್ಡ್. ಸ್ಪೀಕರುಗಳಿಗೆ ಏನೂ ಆಗಲಿಲ್ಲ. ಬೋರ್ಡ್ ಬರಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ದಿನ ಅಮ್ಮ ಟಿವಿಯದೇ ಸ್ಪೀಕರಿನಲ್ಲಿ ಧಾರಾವಾಹಿ ನೋಡಿದಳು, ಬೆತ್ತದ ಕುರ್ಚಿಯನ್ನು ಟಿವಿಯ ಮುಂದಕ್ಕೇ ಎಳೆದುಕೊಂಡು.